ಕೊರಳಿನ ಖಾಲಿ ವಸ್ತ್ರ

ಯಾರೋ ಅಂಗೈಯಿಂದ ನೆಲ ಸವರುವ ಸದ್ದು. ಮೊದಲು ಹಲ್ಲಿ ಎಂದುಕೊಂಡೆ, ಆಮೇಲೆ ಇಲಿ. ನಡುರಾತ್ರಿ ನಮ್ಮ ಮನೆಯಲ್ಲಿ ಕೇಳುವ ಸದ್ದುಗಳೆಲ್ಲ ನನಗೆ ಗೊತ್ತು. ಫ್ರಿಜ್ಜಿನ ಗುರುಗುರು, ತಗಡಿನ ಮೇಲೆ ಬೆಕ್ಕಿನ ಹೆಜ್ಜೆ, ಬೀದಿಯ ತುದಿಯಲ್ಲಿ ಭತ್ತದ ಲಾರಿ ಗೇರು ಬದಲಿಸುವುದು. ಇದು ಅವು ಯಾವುದೂ ಅಲ್ಲ. ಸರ್ರನೆ ಸ್ವಲ್ಪ ದೂರ ಹೋಗಿ ನಿಲ್ಲುತ್ತಿತ್ತು, ಮತ್ತೆ ಬೇರೆ ಕಡೆಯಿಂದ ಶುರುವಾಗುತ್ತಿತ್ತು. ಮನೆಯಲ್ಲಿ ಇದ್ದವರು ನಾನು, ನನ್ನ ಅತ್ತೆ ಇಬ್ಬರೇ. ಗಂಡ ಸಂಗನಬಸವ ಹಟ್ಟಿಯ ಗಣಿಯಲ್ಲಿ ಪಾಳಿ ಕೆಲಸದವರು. ಅಲ್ಲಿಯ ಕ್ವಾರ್ಟರ್ಸಿನಲ್ಲೇ ಇದ್ದು, ರಜೆ ಸಿಕ್ಕಾಗ ಸಿಂಧನೂರಿಗೆ ಬರುತ್ತಾರೆ.

ಮೊಬೈಲಿನ ಬೆಳಕು ಹಿಡಿದು ಪಡಸಾಲೆಗೆ ಬಂದೆ. ಅತ್ತೆ ಶೇಖರಮ್ಮ ಮೊಣಕಾಲೂರಿ, ತಲೆ ತಗ್ಗಿಸಿ, ಹಾಸಿಗೆಯ ಸುತ್ತ ನೆಲ ಸವರುತ್ತಿದ್ದರು. ಕೂದಲು ಬಿಚ್ಚಿ ಮುಖದ ಮೇಲೆ ಬಿದ್ದಿತ್ತು.

"ಅತ್ತೀ, ಏನ್ರೀ ಇದು? ಬಿದ್ರೇನ್ರೀ?"

"ಲೈಟು ಹಚ್ಚಬ್ಯಾಡ," ಎಂದರು. ಸ್ವಲ್ಪ ತಡೆದು, "ಹಚ್ಚು," ಎಂದರು.

ಹಚ್ಚಿದೆ. ಕೊರಳಲ್ಲಿ ಬಿಳಿ ವಸ್ತ್ರ ಎಂದಿನಂತೆ ಇತ್ತು. ಆದರೆ ಯಾವಾಗಲೂ ಲಿಂಬೆಹಣ್ಣಿನಷ್ಟು ಉಬ್ಬಿರುತ್ತಿದ್ದ ಜಾಗ ಚಪ್ಪಟೆಯಾಗಿ ಎದೆಗೆ ಅಂಟಿಕೊಂಡಿತ್ತು.

"ಲಿಂಗ ಇಲ್ಲವ್ವಾ ಕುಮಾರಿ," ಎಂದರು.

ಹುಟ್ಟಿದಾಗ ಮಠದ ಅಯ್ಯನವರು ಕಟ್ಟಿದ ಇಷ್ಟಲಿಂಗ ಕಡೆಯ ದಿನ ದೇಹದ ಜೊತೆಗೇ ಮಣ್ಣಿಗೆ ಹೋಗಬೇಕು. ನಡುವೆ ಮೈಯಿಂದ ಬೇರೆಯಾಗಬಾರದು. ನನ್ನ ವಯಸ್ಸಿನವರು ಕಳೆದುಕೊಂಡರೆ ಅಳುತ್ತೇವೆ, ಮಠಕ್ಕೆ ಹೋಗಿ ಇನ್ನೊಂದನ್ನು ಕಟ್ಟಿಸಿಕೊಳ್ಳುತ್ತೇವೆ. ಅತ್ತೆಯ ಮನೆತನದ ಲೆಕ್ಕ ಬೇರೆ. ಅವರ ಅಜ್ಜಿಯ ತಂಗಿಯೊಬ್ಬಳು, ಲಿಂಗ ಹೊಳೆಗೆ ಜಾರಿದಾಗ ಅನ್ನ ನೀರು ಬಿಟ್ಟು ದಂಡೆಯಲ್ಲೇ ಕೂತು ಪ್ರಾಣ ಬಿಟ್ಟಳಂತೆ. ಇದನ್ನು ಅತ್ತೆ ನನಗೆ ದುಃಖದ ಕಥೆಯಾಗಿ ಹೇಳಿರಲಿಲ್ಲ. ಮನೆತನದ ಬಂಗಾರ ತೋರಿಸಿದ ಹಾಗೆ ಹೇಳಿದ್ದರು.

"ಸೆರಗಿನ ಒಳಗ ನೋಡ್ಕೊಳ್ಳದ, ಲಿಂಗ ಇಲ್ದ ರಾತ್ರಿ ಉಂಡೀನಲ್ಲ ಯವ್ವಾ," ಎಂದು ಅಂಗೈ ನೋಡಿಕೊಂಡರು. "ಇನ್ನ ಸಿಗೋತನ ಒಂದ ಹನಿ ನೀರು ನನ್ನ ಬಾಯಾಗ ಹೋಗಂಗಿಲ್ಲ."

"ನಿಮಗ ಶುಗರ್ ಐತ್ರೀ ಅತ್ತೀ."

"ಶುಗರ್ ಐತಂತ ಶಿವನ್ನ ಬಿಡಾಕ ಬರ್ತೈತೇನು?"

"ಇವರಿಗೊಂದು ಫೋನ್ ಮಾಡ್ತೀನ್ರೀ."

"ಸಂಗನಬಸವಗ ಹೇಳಿದ್ರ ನನ್ನಾಣಿ ಐತಿ. ಗಣಿಯಾಗ ಇಳಿಯೋ ಮಗಗ ಇಂಥಾ ಸುದ್ದಿ ಮುಟ್ಟಿಸ್ತಾರೇನು? ಓಣಿಯಾಗೂ ಯಾರಿಗೂ ಹೇಳಬ್ಯಾಡ."

ಬೆಳಕು ಹರಿಯುವತನಕ ಇಬ್ಬರೂ ಹುಡುಕಿದೆವು. ಹಾಸಿಗೆ ಜಾಡಿಸಿದೆವು. ನಿನ್ನೆ ಉಟ್ಟ ಇಳಕಲ್ ಸೀರೆಯ ಮಡಿಕೆ ಮಡಿಕೆ ಬಿಚ್ಚಿದೆವು. ಬಚ್ಚಲಿನ ಜಾಲರಿ ಕಿತ್ತು ಕೈ ಹಾಕಿದೆ. ಎಲ್ಲಿಯೂ ಇರಲಿಲ್ಲ.

ನಮ್ಮತ್ತೆ ಹೀಗೆ ಬಾಯಿ ಬಿಗಿದು ಕೂತಿದ್ದನ್ನು ನಾನು ನೋಡಿಯೇ ಇರಲಿಲ್ಲ. ಅವರ ನಾಲಿಗೆಯ ಮೇಲೆ ಸದಾ ಇರುತ್ತಿದ್ದ ಮಾತು, "ಒಮ್ಮಿ ಮಾಡಿ ನೋಡವ್ವ." ಒರೆಸಿದ ನೆಲ ಆರುವ ಮೊದಲು ಅದಕ್ಕೆ ಕೆನ್ನೆ ಕೊಟ್ಟು ಮಲಗಿ ನೋಡು. ರೊಟ್ಟಿಯ ಸುಟ್ಟ ಅಂಚನ್ನು ಮೊದಲು ಮುರಿದು ಉಳ್ಳಾಗಡ್ಡಿ ಜೊತೆ ತಿಂದು ನೋಡು. ಉಳ್ಳಾಗಡ್ಡಿ ಹೆಚ್ಚಬಾರದು, ಗುದ್ದಿ ಒಡೆಯಬೇಕು. ಕಾಲುವೆಗೆ ನೀರು ಬಿಟ್ಟ ದಿನ ಮೆಟ್ಟಿಲ ಮೇಲೆ ಕೂತು ಪಾದ ಇಳಿಬಿಡು. ಹೊಸ ಅಕ್ಕಿಯ ಚೀಲದಲ್ಲಿ ಮೊಣಕೈತನಕ ಕೈ ಹಾಕಿ ಕಣ್ಣು ಮುಚ್ಚು. ಓಣಿಯವರಿಗೂ, ಬಸ್ಸಿನಲ್ಲಿ ಪಕ್ಕ ಕೂತ ಅಪರಿಚಿತರಿಗೂ ಡಾಕ್ಟರು ಔಷಧ ಹೇಳಿದಷ್ಟು ಖಚಿತವಾಗಿ ಹೇಳುತ್ತಿದ್ದರು. ನನಗೆ ಮಾತ್ರ ಅವುಗಳಲ್ಲೆಲ್ಲ ಅಪಾಯವೇ ಕಾಣುತ್ತಿತ್ತು. ಒದ್ದೆ ನೆಲದಿಂದ ನೆಗಡಿ, ಮೆಟ್ಟಿಲ ಮೇಲೆ ಪಾಚಿ, ಅಕ್ಕಿ ಚೀಲದೊಳಗೆ ಹುಳಕ್ಕೆಂದು ಇಟ್ಟ ವಿಷದ ಗುಳಿಗೆ. ಮದುವೆಯಾಗಿ ಬಂದಾಗಿನಿಂದ ನಾನು ಒಂದನ್ನೂ ಮಾಡಿ ನೋಡಿರಲಿಲ್ಲ.

ನಿನ್ನೆ ಒಂದನ್ನು ಮಾಡಿದ್ದೆ. ಲಿಂಗಸುಗೂರಿನಲ್ಲಿ ಅತ್ತೆಯ ತಮ್ಮನ ಮನೆ. ತಮ್ಮನ ಮಗಳು ಶಿವರಂಜನಿ ಬಾಣಂತನಕ್ಕೆ ತವರಿಗೆ ಬಂದಿದ್ದಳು. ಅವಳ ಕೂಸನ್ನು ತೊಟ್ಟಿಲಿಗೆ ಹಾಕಿ ಹೆಸರಿಡುವ ಕಾರ್ಯಕ್ಕೆ ಹೋಗಿದ್ದೆವು. ಮರಳುವಾಗ ಮಸ್ಕಿಯಲ್ಲಿ ಬಸ್ಸು ನಿಂತಿತು. ಅತ್ತೆ ನನ್ನನ್ನು ಕೈ ಹಿಡಿದು ಇಳಿಸಿ, ಸುಭಾನಬಿಯ ಚಹಾದ ಅಂಗಡಿಗೆ ಕರೆದುಕೊಂಡು ಹೋದರು. ಅಲ್ಲಿ ಚಹಾ ಕುಡಿಯುವುದಕ್ಕೂ ಅವರದೊಂದು ಕ್ರಮ. ಬಸಿಗೆ, ಅಂದರೆ ಕಪ್ಪಿನ ಅಡಿಯ ತಟ್ಟೆಗೆ, ಸುರಿದು, ಮೇಲೆ ಕೆನೆ ಕಟ್ಟುವತನಕ ಸುಮ್ಮನಿರಬೇಕು. ಕೆನೆಯನ್ನು ಬೆರಳಿನಿಂದ ಎತ್ತಿ ಮೊದಲು ನಾಲಿಗೆಗೆ ಇಟ್ಟುಕೊಳ್ಳಬೇಕು, ಆಮೇಲೆ ಕುಡಿಯಬೇಕು. ಬೆರಳು ತೊಳೆದಿದ್ದೇನೆಯೇ ಎಂದು ಯೋಚಿಸದೆ ಹಾಗೆ ಮಾಡಿದೆ. ಚೆನ್ನಾಗಿತ್ತು. ಚೆನ್ನಾಗಿದೆ ಎಂದು ನಾನು ನಕ್ಕೆ, ಅತ್ತೆಯೂ ನಕ್ಕರು. ಆ ಒಂದು ಬಸಿ ಚಹಾ ಮುಗಿಯುವಷ್ಟು ಹೊತ್ತು ನಾನು ಅವರ ಮೇಲಿನ ಕಣ್ಣು ತೆಗೆದಿದ್ದೆ. ಲಿಂಗ ಅಲ್ಲೇ ಬಿದ್ದಿದೆ, ನಾನು ಕಣ್ಣು ತೆಗೆದಾಗಲೇ ಬಿದ್ದಿದೆ ಎಂದು ಬೆಳಗಿನ ಹೊತ್ತಿಗೆ ನನಗೆ ಖಾತ್ರಿಯಾಗಿಹೋಗಿತ್ತು.

"ನಾ ಮಸ್ಕಿಗೆ ಹೋಗಿ ನೋಡ್ಕೊಂಡು ಬರ್ತೀನ್ರೀ. ನೀವು ಮನ್ಯಾಗ ಇರ್ರೀ," ಎಂದೆ.

"ನಾ ಎಲ್ಲಿ ಕುಂತಿದ್ದೆ, ಎಲ್ಲಿ ಬಗ್ಗಿದ್ದೆ ನಿನಗೇನ್ ಗೊತ್ತು? ನಾನೂ ಬರ್ತೀನಿ."

ಹೊರಡುವಾಗ ಅಡುಗೆಮನೆಯ ಕಿಟಕಿ ಹಾಕಲು ಹೋದೆ. ಕಿಟಕಿಯ ಕಟ್ಟೆಯ ಮೇಲೆ ಇನ್ಸುಲಿನ್ ಸಿರಿಂಜು ಖಾಲಿ ಬಿದ್ದಿತ್ತು. ಪಕ್ಕದಲ್ಲಿ ಹತ್ತಿ.

"ಅತ್ತೀ... ಸೂಜಿ ತಗೊಂಡ್ರೇನ್ರೀ?"

"ಹೂಂ. ಒಂದ ದಿನನೂ ತಪ್ಪಿಸಬ್ಯಾಡ ಅಂತ ಡಾಕ್ಟರ್ ಹೇಳ್ಯಾನಲ್ಲ."

"ಉಣ್ಣದ ಸೂಜಿ ತಗೋಬಾರದ್ರೀ! ಸೂಜಿ ತಗೊಂಡ್ರ ಉಣ್ಣಾಕೇ ಬೇಕ್ರೀ, ಇಲ್ಲಂದ್ರ ಶುಗರ್ ಪೂರಾ ಇಳೀತೈತ್ರೀ!"

"ಸೂಜಿ ಏನು ಊಟ ಅಲ್ಲಲ್ಲವ್ವಾ. ಹೊಟ್ಟಿಗೆ ಚುಚ್ಚೋದು, ಬಾಯಿಗೆ ಹಾಕೋದಲ್ಲ."

ದೇವರ ಮಾತನ್ನೂ ಡಾಕ್ಟರ ಮಾತನ್ನೂ ಅವರು ಒಟ್ಟಿಗೆ ಪಾಲಿಸಿದ್ದರು. ಹಾಲಿನ ಲೋಟ ಹಿಡಿದು ಬೇಡಿಕೊಂಡೆ, ಕಾಲು ಹಿಡಿದೆ. ಅವರು ತುಟಿ ಬಿಗಿದು ಮುಖ ತಿರುಗಿಸಿದರು. ಬಲವಂತ ಮಾಡಿದರೆ ಇಲ್ಲೇ ನೆಲದ ಮೇಲೆ ಕೂತುಬಿಡುತ್ತಾರೆ ಎಂದು ಗೊತ್ತಾಯಿತು. ಹಾಗೆ ಕೂತವರ ಕಥೆ ಆ ಮನೆತನದಲ್ಲಿ ಮೊದಲೇ ಇತ್ತು. ಅವರು ಚಪ್ಪಲಿ ಮೆಟ್ಟುವಷ್ಟರಲ್ಲಿ ಸಕ್ಕರೆ ಡಬ್ಬಿಯಿಂದ ಒಂದು ಹಿಡಿ ತೆಗೆದು ಕರವಸ್ತ್ರದಲ್ಲಿ ಕಟ್ಟಿಕೊಂಡೆ. ಏನಾದರೂ ಆದರೆ ಒದ್ದೆ ಸಕ್ಕರೆಯನ್ನು ಕೆನ್ನೆಯ ಒಳಗೆ ತಿಕ್ಕಿ ಎಂದು ಡಾಕ್ಟರು ಹಿಂದೊಮ್ಮೆ ಹೇಳಿದ್ದರು.

ಬಸ್ಸಿನಲ್ಲಿ ಅವರನ್ನು ಕಿಟಕಿಯ ಬದಿಗೆ ಕೂರಿಸಿದೆ. ಹೊರಗೆ ಎರಡೂ ಕಡೆ ಭತ್ತದ ಗದ್ದೆ ಹಸಿರಾಗಿತ್ತು, ಕಾಲುವೆ ತುಂಬಿ ಹರಿಯುತ್ತಿತ್ತು. ಬೇರೆ ದಿನವಾಗಿದ್ದರೆ ಅತ್ತೆ ಇಡೀ ಬಸ್ಸಿಗೆ ತೋರಿಸುತ್ತಿದ್ದರು. ಈಗ ಒಂದು ಕೈ ಖಾಲಿ ವಸ್ತ್ರದ ಮೇಲೆ ಇಟ್ಟು, ಕಣ್ಣು ಮುಚ್ಚಿ, ಒಳಗೊಳಗೇ ಮಂತ್ರ ಹೇಳಿಕೊಳ್ಳುತ್ತಿದ್ದರು. ನಾನು ಅವರ ತುಟಿ ಅಲುಗುವುದನ್ನೇ ನೋಡುತ್ತಿದ್ದೆ. ಅಲುಗುವುದು ನಿಂತಾಗಲೆಲ್ಲ ಮೊಣಕೈಯಿಂದ ತಿವಿಯುತ್ತಿದ್ದೆ.

"ಇರ್ತೀನೇಳು, ತಿವೀಬ್ಯಾಡ," ಎಂದರು ಒಮ್ಮೆ, ಕಣ್ಣು ತೆರೆಯದೆ.

ಮಸ್ಕಿಯಲ್ಲಿ ಇಳಿದಾಗ ಸುಭಾನಬಿ ಮಿರ್ಚಿ ಭಜಿ ಕರಿಯುತ್ತಿದ್ದಳು. ನಮ್ಮನ್ನು ನೋಡಿ ತೂತಿನ ಸೌಟನ್ನು ಎಣ್ಣೆಯ ಮೇಲೆಯೇ ಎತ್ತಿ ಹಿಡಿದಳು. "ಏನಮ್ಮಾ, ನಿನ್ನಿ ಚಾ ಅಷ್ಟು ಹಿಡಿಸ್ತಾ? ಮತ್ತ ಓಡಿ ಬಂದೀರಿ?"

"ನಿನ್ನೆ ಇಲ್ಲಿ ಏನರ ಬಿದ್ದಿತ್ತೇನ್ರೀ?" ಎಂದೆ.

"ಏನರ ಅಂದ್ರ? ಹೆಸರು ಹೇಳಿದ್ರ ಹುಡುಕ್ತೀನಿ. ಹೆಸರಿಲ್ಲದ್ದು ನನಗ ಹೆಂಗ ಸಿಗಬೇಕು?"

ನಾನು ಅತ್ತೆಯ ಮುಖ ನೋಡಿದೆ. ಅತ್ತೆ ನೆಲ ನೋಡಿದರು. ಸುಭಾನಬಿಯ ಕಣ್ಣು ಅತ್ತೆಯ ಕೊರಳಿಗೆ ಹೋಯಿತು, ಚಪ್ಪಟೆ ವಸ್ತ್ರವನ್ನು ಒತ್ತಿ ಹಿಡಿದಿದ್ದ ಕೈಗೆ ಹೋಯಿತು. ಅವಳು ಮುಂದೆ ಏನೂ ಕೇಳಲಿಲ್ಲ. ಒಲೆ ಸಣ್ಣ ಮಾಡಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಬೆಂಚಿನ ಕೆಳಗೆ ಬಗ್ಗಿದಳು. ನಾನೂ ಬಗ್ಗಿದೆ. ಗುಂಡಿ ಸಿಕ್ಕಿತು, ಗುಟ್ಕಾ ಚೀಟಿ ಸಿಕ್ಕವು, ಯಾರದೋ ಬಳೆಯ ಚೂರು ಸಿಕ್ಕಿತು. ಅವಳು ಗಿರಾಕಿಗಳನ್ನೆಲ್ಲ ಎಬ್ಬಿಸಿದಳು. "ಏಳ್ರಿ, ಏಳ್ರಿ, ಭಜಿ ನಿಂತ ತಿಂದ್ರ ಹೊಟ್ಯಾಗ ಇಳಿಯಂಗಿಲ್ಲೇನು?" ಚರಂಡಿಯ ಚಪ್ಪಡಿಯ ಸಂದಿಗೂ ಮೊಬೈಲ್ ಬೆಳಕು ಬಿಟ್ಟು ನೋಡಿದಳು.

ನಾನು ತಲೆ ಎತ್ತಿದಾಗ ಅತ್ತೆ ಬೆಂಚಿನ ಮೇಲೆ ಬೆವರಿನಲ್ಲಿ ತೊಯ್ದು ಹೋಗಿದ್ದರು.

ಹಣೆಯ ವಿಭೂತಿ ಕರಗಿ ಹುಬ್ಬಿಗೆ ಇಳಿದಿತ್ತು. "ಅತ್ತೀ" ಎಂದರೆ ನನ್ನತ್ತ ನೋಡಿದರು, ಆದರೆ ನೋಟ ನನ್ನ ಹಿಂದೆ ಎಲ್ಲಿಗೋ ಹೋಗುತ್ತಿತ್ತು. "ತೊಟ್ಟಿಲಾ ತೂಗ್ರೇ, ಕೂಸು ಅಳಾಕತ್ತೈತಿ," ಎಂದರು. ನಾಲಿಗೆ ತೊದಲುತ್ತಿತ್ತು. ಆಮೇಲೆ ತಲೆ ಒಂದು ಬದಿಗೆ ವಾಲಿತು. ಅವರು ಪೂರ್ತಿ ಜಾರುವ ಮೊದಲು ಸುಭಾನಬಿ ಬಂದು ತೊಡೆಯ ಮೇಲೆ ಹಿಡಿದುಕೊಂಡಳು.

ನಾನು ಕರವಸ್ತ್ರದ ಗಂಟು ಬಿಚ್ಚಲು ಹೋದೆ. ಅವಸರಕ್ಕೆ ಗಂಟು ಇನ್ನೂ ಬಿಗಿಯಿತು. ಹಲ್ಲಿನಿಂದ ಕಿತ್ತೆ. ಆಗ ಒಂದು ಕ್ಷಣ ಕೈ ತಡೆಯಿತು. ಇದನ್ನು ಬಾಯಿಗೆ ಹಾಕಿದರೆ ಅವರ ನೇಮ ಮುರಿಯುತ್ತದೆ. ಹಾಕದಿದ್ದರೆ ಇಲ್ಲೇ, ಈ ಬೆಂಚಿನ ಮೇಲೆ, ನನ್ನ ಕಣ್ಣೆದುರು ಎಲ್ಲ ಮುಗಿಯುತ್ತದೆ. ಯೋಚನೆ ಅಷ್ಟೇ. ಯಾರೋ ಅರ್ಧ ಕುಡಿದು ಬಿಟ್ಟಿದ್ದ ಬಸಿಯಲ್ಲಿ ಚಹಾ ಇತ್ತು. ಅದರಲ್ಲಿ ಸಕ್ಕರೆ ಅದ್ದಿ ಅಂಟು ಮಾಡಿ, ಅವರ ಕೆನ್ನೆಯ ಒಳಗೆ ಬೆರಳಿನಿಂದ ತಿಕ್ಕಿದೆ. ಮತ್ತೆ ತಿಕ್ಕಿದೆ. ಒಂದು ಬದಿ, ಇನ್ನೊಂದು ಬದಿ. ಒಸಡಿಗೆ, ನಾಲಿಗೆಯ ಅಡಿಗೆ. ಅವರ ಹಲ್ಲು ನನ್ನ ಬೆರಳನ್ನು ಕಚ್ಚಿತು. ಕಚ್ಚುವಷ್ಟು ಜೀವ ಇದೆಯಲ್ಲ ಎಂದು ಸಮಾಧಾನವಾಯಿತು.

"ದವಾಖಾನಿಗೆ ಒಯ್ಯೋಣ," ಎಂದಳು ಸುಭಾನಬಿ. "ಏ ರಫೀಕ್, ಗಾಡಿ ತಗಿ!"

ಕ್ರೂಸರ್ ಗಾಡಿಯ ರಫೀಕ್ ಲಿಂಗಸುಗೂರಿಗೆ ಸವಾರಿ ಕೂಗುತ್ತಿದ್ದವನು ಓಡಿ ಬಂದ. ಅಷ್ಟರಲ್ಲಿ ಅತ್ತೆಯ ರೆಪ್ಪೆ ಅಲುಗಿತು. ಉಸಿರು ಒಮ್ಮೆ ಆಳವಾಗಿ ಬಂತು. ನೋಟ ನಿಧಾನವಾಗಿ ನನ್ನ ಮುಖಕ್ಕೆ ಬಂದು ನಿಂತಿತು. ನಾನು ಬೆರಳನ್ನು ಸೀರೆಗೆ ಒರೆಸಿಕೊಂಡೆ. ಕರವಸ್ತ್ರವನ್ನು ಸುಭಾನಬಿ ನನಗಿಂತ ಮೊದಲೇ ತನ್ನ ಸೆರಗಿನ ಅಡಿ ಸೇರಿಸಿದ್ದಳು.

"ಬಾಯಿ ಸಿಹಿ ಆಗೇತಲ್ಲವ್ವಾ," ಎಂದರು ಅತ್ತೆ.

ನಾನು ಅವರ ತುಟಿಯ ಅಂಚನ್ನು ಸೆರಗಿನಿಂದ ಒರೆಸಿದೆ.

"ದವಾಖಾನಿಗೆ ಹೋಗೋಣ್ರೀ ಅತ್ತೀ."

"ದವಾಖಾನಿ ಬ್ಯಾಡ. ಲಿಂಗಸುಗೂರ. ತಮ್ಮನ ಮನಿ ಒಂದ ಉಳದೈತಿ."

ಲಿಂಗಸುಗೂರಿನಲ್ಲೂ ದವಾಖಾನೆ ಇದೆ. ಆ ಮನೆಯಲ್ಲಿ ಸಿಗದಿದ್ದರೆ ಆಣೆ, ನೇಮ ಯಾವುದನ್ನೂ ಕೇಳದೆ ನೇರ ಅಲ್ಲಿಗೇ ಎತ್ತಿಕೊಂಡು ಹೋಗುತ್ತೇನೆ ಎಂದು ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡೆ. "ಸವಾರಿ ತುಂಬೋತನ ಕಾಯಬ್ಯಾಡ, ಬಿಡು," ಎಂದು ಸುಭಾನಬಿ ರಫೀಕನ ಬೆನ್ನಿಗೆ ಗುದ್ದಿದಳು. ನನ್ನ ಕಿವಿಯ ಹತ್ತಿರ ಬಂದು, "ಫಿಕರ್ ಮಾಡಬ್ಯಾಡ ತಂಗಿ, ಹಿಂಗ ಎದ್ದಾರಂದ್ರ ಇರ್ತಾರ," ಎಂದಳು. ಎಷ್ಟು ಹೊತ್ತು ಇರುತ್ತಾರೆ ಎಂದು ಅವಳಿಗೂ ಗೊತ್ತಿರಲಿಲ್ಲ, ನನಗೂ ಇಲ್ಲ. ತಿಕ್ಕಿದ ಸಕ್ಕರೆ ಎಷ್ಟು ದೂರ ಒಯ್ದೀತು? ಆ ರಸ್ತೆಯ ಪ್ರತಿ ಹಂಪಿನಲ್ಲೂ ನಾನು ಅವರ ಕೈ ಹಿಡಿದು ಬೆವರು ಬಂದಿದೆಯೇ ನೋಡುತ್ತಿದ್ದೆ. ಬೆವರು ಅವರದೋ ನನ್ನದೋ ತಿಳಿಯುತ್ತಿರಲಿಲ್ಲ.

ತಮ್ಮನ ಮನೆಯಲ್ಲಿ ನಿನ್ನೆಯ ಚಪ್ಪರ ಇನ್ನೂ ಇಳಿಸಿರಲಿಲ್ಲ. ಶಿವರಂಜನಿ ತಲೆಗೆ ಬಟ್ಟೆ ಸುತ್ತಿಕೊಂಡು ತೊಟ್ಟಿಲು ತೂಗುತ್ತಿದ್ದಳು. ಅವಳ ಅಪ್ಪ ಅವ್ವ ಬಾಡಿಗೆ ಪಾತ್ರೆ ಮರಳಿಸಲು ಹೋಗಿದ್ದರು.

"ಅಯ್ಯ, ಅತ್ತಿ! ಅಕ್ಕಾ! ಮತ್ತ ಬಂದೀರಿ! ಕೂಸಿನ ಮಾರಿ ನೋಡಿ ಮನಸ್ಸು ತುಂಬಲಿಲ್ಲೇನು?"

"ಚಷ್ಮಾ ಬಿಟ್ಟು ಹೋಗಿದ್ವಿ," ಎಂದೆ. ದಾರಿಯಲ್ಲೆಲ್ಲ ಜೋಡಿಸಿಕೊಂಡಿದ್ದ ಸುಳ್ಳು. "ಅತ್ತಿಯವರ ಚಷ್ಮಾ."

ಶಿವರಂಜನಿ ಅತ್ತೆಯ ಮುಖ ನೋಡಿದಳು. "ಮೂಗಿನ ಮ್ಯಾಲೆ ಐತಲ್ಲಕ್ಕಾ!"

"ಅದು... ಅದು ಹಳೇದು."

"ಹಂಗೇನು," ಎಂದು ಅವಳು ಎದ್ದು ದಿಂಬು, ಚಾಪೆ ಎತ್ತಿ ನೋಡತೊಡಗಿದಳು. ಅತ್ತೆಯನ್ನು ಗೋಡೆಗೆ ಒರಗಿಸಿ ಕೂರಿಸಿದೆ. ಅವರ ಕೈ ಮತ್ತೆ ನಡುಗಲು ಶುರುವಾಗಿತ್ತು. ನಾನು ಅವಳ ಹಿಂದೆಯೇ ಪೆಟ್ಟಿಗೆಯ ಸಂದಿ, ಬಾಗಿಲ ಮೂಲೆ ಎಲ್ಲ ನೋಡುತ್ತ ಹೋದೆ. ಇಲ್ಲ. ಎಲ್ಲೂ ಇಲ್ಲ.

"ಚಷ್ಮಾ ಅಂತೂ ಕಾಣವಲ್ದಕ್ಕಾ," ಎಂದಳು ಶಿವರಂಜನಿ. "ನಿನ್ನಿ ಗದ್ದಲದಾಗ ಯಾವುದು ಎಲ್ಲಿ ಬಿತ್ತೋ ಯಾರಿಗೆ ಗೊತ್ತು." ದನಿ ತಗ್ಗಿಸಿದಳು. "ನಿನಗೊಂದು ಹೇಳ್ತೀನಿ, ಅವ್ವಗ ಹೇಳಬ್ಯಾಡ, ಬಯ್ತಾಳ. ಅಯ್ಯನವರು ಕೂಸಿಗೆ ಕಟ್ಟಿದ ಲಿಂಗನ ತೊಟ್ಟಿಲಾಗ ಬಿದ್ದಿತ್ತು. ಹಾಸಿಗಿ ಬದಲಿ ಮಾಡೋ ಮುಂದ ಕೈಗೆ ಹತ್ತು. ನನ್ನ ಜೀವಾನೇ ಹೋತು. ಲಗೂನ ತೊಟ್ಟಿಲ ಹಗ್ಗಕ್ಕ ಕಟ್ಟಿದ್ದ ಅದರ ಗಂಟಿನ ಮ್ಯಾಲೆ ಇಟ್ಟು, ಇನ್ನೊಂದು ಅರಿವಿ ಸುತ್ತಿ ಬಿಗಿದು ಕಟ್ಟಿಬಿಟ್ಟೀನಿ."

"ಗಂಟಿನ ಒಳಗ ನೋಡಿದ್ಯಾ?"

"ನೋಡೂದೇನೈತಿ? ಬಿದ್ದಿದ್ದನ್ನ ಕಟ್ಟೀನಲ್ಲ."

ತೊಟ್ಟಿಲಿನ ಹಗ್ಗಕ್ಕೆ ಕಟ್ಟಿದ್ದ ಗಂಟು ಕೂಸಿನ ತಲೆಯ ಮೇಲೆ ತೂಗುತ್ತಿತ್ತು. ಕೈ ತೊಳೆದು ಬಂದು ಮೇಲಿನ ಬಟ್ಟೆ ಬಿಚ್ಚಿದೆ. ಹೆಬ್ಬೆರಳು ತಾಗಿ ತಾಗಿ ಒಂದು ಬದಿಯ ಕಪ್ಪು ಮಾಸಿದ, ದೊಡ್ಡ, ಹಳೆಯ ಲಿಂಗ, ಅತ್ತೆಯದೇ. ಅದರ ಅಡಿಯ ಗಂಟನ್ನು ಒತ್ತಿ ನೋಡಿದೆ. ಅಯ್ಯನವರು ಕಟ್ಟಿದ ಗಂಟು ಕಟ್ಟಿದಂತೆಯೇ ಇತ್ತು. ಕೂಸಿನ ಪುಟ್ಟ ಲಿಂಗ ಒಳಗೆ ಬೆಚ್ಚಗಿತ್ತು. ನಿನ್ನೆ ಅತ್ತೆ ತೊಟ್ಟಿಲ ಮೇಲೆ ಬಗ್ಗಿ ಕೂಸಿನ ಕಿವಿಯಲ್ಲಿ ಹೆಸರು ಹೇಳಿದ್ದರು. ಕೂಸು ಅವರ ಕೊರಳಿನ ವಸ್ತ್ರ ಹಿಡಿದು ಎಳೆದಿತ್ತು, ಎಲ್ಲರೂ ನಕ್ಕಿದ್ದೆವು. ಚಹಾದ ಅಂಗಡಿಗೆ ಬರುವ ಮೊದಲೇ, ನಾನು ಕಣ್ಣರಳಿಸಿ ಎದುರಿಗೆ ನಿಂತಿದ್ದಾಗಲೇ, ಗಂಟು ಸಡಿಲಾಗಿ ಅದು ಜಾರಿ ಹೋಗಿತ್ತು.

ಶಿವರಂಜನಿ ಬಾಯಿಯ ಮೇಲೆ ಕೈ ಇಟ್ಟುಕೊಂಡಳು.

ಸೆರಗಿನಲ್ಲಿ ಹಿಡಿದು ತಂದು ಅತ್ತೆಯ ಮುಂದೆ ಕೂತೆ. ಅವರು ನೋಡಿದರು. ಕೈ ಚಾಚಲಿಲ್ಲ. ಎರಡೂ ಕಣ್ಣಿನಿಂದ ನೀರು ಸುರಿಯಿತು, ಸದ್ದಿಲ್ಲದೆ.

"ಬಾಳೆಹಣ್ಣು ತಗೋರ್ರೀ ಅತ್ತೀ. ಸಿಕ್ತಲ್ರೀ."

"ಮೈಲಿಗಿ ಮೈಲೆ ಲಿಂಗ ಮುಟ್ಟಬೇಕೇನು? ಸ್ನಾನ ಆಗಬೇಕು. ಪೂಜಿ ಆಗಬೇಕು."

"ಪೂಜಿ ಆಮ್ಯಾಲೆ ಮಾಡೀರಂತ, ಮೊದಲು ಒಂದ ತುತ್ತು!"

"ಇಷ್ಟೊತ್ತು ತಡದೀನಿ. ಇನ್ನ ಗಳಿಗಿ ತಡಿಯಾಕ ಆಗಂಗಿಲ್ಲೇನು?"

ಆ ಗಳಿಗೆಯಷ್ಟು ಉದ್ದದ ಹೊತ್ತನ್ನು ನಾನು ಕಂಡಿಲ್ಲ. ಬಚ್ಚಲಲ್ಲಿ ನಾನೇ ನೀರು ಹಾಕಿದೆ. ಒಂದು ಕೈ ಅವರ ತೋಳಿನ ಅಡಿ, ಒಂದು ಕೈಯಲ್ಲಿ ತಂಬಿಗೆ. ಶಿವರಂಜನಿ ವಿಭೂತಿ, ಪತ್ರಿ ತಂದಿಟ್ಟಳು. ಅತ್ತೆ ಎಡ ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಕೂತರು. ಅಂಗೈ ನಡುಗುತ್ತಿತ್ತು. ಬೀಳುತ್ತದೆ, ಈಗ ಬೀಳುತ್ತದೆ ಎಂದು ನಾನು ಅದರ ಅಡಿಯಲ್ಲಿ ನನ್ನ ಎರಡೂ ಕೈ ಬೊಗಸೆ ಒಡ್ಡಿ ಕೂತೆ. ಅವರು ಮಂತ್ರ ಅರ್ಧಕ್ಕೆ ಮರೆತರು, ಮತ್ತೆ ಮೊದಲಿನಿಂದ ಹಿಡಿದರು. ಹಣೆಯಲ್ಲಿ ಬೆವರು ಮೂಡಿತು. ನಾನು ಸೆರಗಿನಿಂದ ಒರೆಸಿದೆ. ಕಣ್ಣು ಮುಚ್ಚಿದರು. ತೆರೆಯುವುದೇ ಇಲ್ಲವೇನೋ ಎನಿಸಿತು. ತೆರೆದರು. ಲಿಂಗವನ್ನು ಕಣ್ಣಿಗೆ ಒತ್ತಿಕೊಂಡು, ಹೊಸ ವಸ್ತ್ರದಲ್ಲಿ ಸುತ್ತಿ, ಗಂಟು ಹಾಕಿ, ಕೊರಳಿಗೆ ಕಟ್ಟಿಕೊಂಡ ಮೇಲೆ ಬಾಯಿ ತೆರೆದರು.

ಬಾಳೆಹಣ್ಣು ತಿಂದರು. ಸಕ್ಕರೆ ಹಾಕಿದ ಹಾಲು ಕುಡಿದರು. ನಿನ್ನೆಯ ಹೋಳಿಗೆ ಒಂದು ತುಂಡು. ಆಮೇಲೆ ಬಿಸಿ ರೊಟ್ಟಿ ಬಂದಾಗ ಅಂಚು ಮುರಿದು, "ಶಿವರಂಜನಿ, ಒಲಿ ಮ್ಯಾಲಿಂದ ತಗದ ರೊಟ್ಟಿಗೆ ಬೆಣ್ಣಿ ಹಚ್ಚಬ್ಯಾಡ, ಬೆಣ್ಣಿಗೆ ರೊಟ್ಟಿ ಹಚ್ಚು. ಒಮ್ಮಿ ಮಾಡಿ ನೋಡವ್ವ," ಎಂದರು. ಅದನ್ನು ಕೇಳಿ ನಾನು ಬಚ್ಚಲಿಗೆ ಹೋಗಿ, ಬಾಗಿಲು ಹಾಕಿಕೊಂಡು, ಅತ್ತುಬಿಟ್ಟೆ.

ಮರಳುವ ಬಸ್ಸು ಮಸ್ಕಿಯಲ್ಲಿ ನಿಂತಿತು. ಇಳಿಯುವುದು ಬೇಡ ಎಂದು ನಾನು ಮೊದಲೇ ಹೇಳಿದ್ದೆ. ಆದರೆ ಸುಭಾನಬಿ ಕಿಟಕಿಯಲ್ಲಿ ನಮ್ಮನ್ನು ಕಂಡು, ಕೈಯ ಹಿಟ್ಟು ಒರೆಸಿಕೊಳ್ಳುತ್ತಲೇ ಓಡಿ ಬಂದಳು. ಅತ್ತೆಯ ಕೊರಳು ನೋಡಿ ಮುಖ ಅರಳಿತು.

"ಮ್ಯಾಲಿನ ಮಾಲಕ ಕಣ್ಣು ತಗದ ನೋಡು!"

"ಸುಭಾನಬಿ," ಎಂದರು ಅತ್ತೆ. "ಒಂದು ಖರೆ ಹೇಳಬೇ. ನನಗ ಎಚ್ಚರ ತಪ್ಪಿದಾಗ ನನ್ನ ಬಾಯಾಗ ಏನರ ಹಾಕಿದ್ರೇನು?"

ಸುಭಾನಬಿ ನನ್ನತ್ತ ನೋಡಲೇ ಇಲ್ಲ. ನೋಡಿದ್ದರೆ ಅಲ್ಲೇ ಗೊತ್ತಾಗಿಬಿಡುತ್ತಿತ್ತು.

"ಭಜಿ ಹೊತ್ತಾಕತ್ತಿದ್ವು, ನಾ ಒಲಿ ನೋಡ್ಲೋ ನಿನ್ನ ಬಾಯಿ ನೋಡ್ಲೋ? ಒಂದ ಘಾಣಾ ಭಜಿ ಕರ್ರಗಾದ್ವು ನಿನ್ನ ಸಲುವಾಗಿ. ಮುಂದಿನ ಸಲ ಬಂದಾಗ ಅವನ್ನ ತಿನ್ನಿಸ್ತೀನಿ ನಿನಗ."

ಅತ್ತೆ ನಕ್ಕರು. ಬಸ್ಸು ಹೊರಟಿತು. ಊರು ದಾಟಿದ ಮೇಲೆ ನನ್ನ ಕೈ ತಮ್ಮ ಕೈಯಲ್ಲಿ ತೆಗೆದುಕೊಂಡರು.

"ನಿನ್ನ ಕೇಳೂದಿಲ್ಲ ಕುಮಾರಿ. ನೀ ಅಂಥಾಕಿ ಅಲ್ಲ. ಆದ್ರೂ ಬಾಯಾಗ ಸಿಹಿ ಬಂದಿತ್ತು. ಹನಿ ನೀರು ಮುಟ್ಟದ ಇದ್ದಾಕಿಗೆ ಶಿವನೇ ಸಿಹಿ ಕೊಟ್ಟ ಅಂತ ತಿಳಕೊಂಡೀನಿ. ಮುಟ್ಟಿದ್ರ ಅದು ಸಿಗ್ತಿದ್ದಿಲ್ಲ ನೋಡು."

ಹೇಳಬೇಕು ಅನ್ನಿಸಿತು. ಹೇಳದೆ ಇದ್ದರೆ ಉಪವಾಸದಿಂದಲೇ ಸಿಕ್ಕಿತು ಎಂದು ನಂಬುತ್ತಾರೆ; ನಾಳೆ ಇನ್ನೇನಾದರೂ ಆದರೆ ಮತ್ತೆ ಹಾಗೆಯೇ ತುಟಿ ಬಿಗಿಯುತ್ತಾರೆ. ಆಗ ನಾನು ಪಕ್ಕದಲ್ಲಿ ಇಲ್ಲದೆ ಹೋದರೆ? ಹೇಳಿದರೆ, ಲಿಂಗವಿಲ್ಲದ ಮೈಯಲ್ಲಿ ಯಾರದೋ ಎಂಜಲು ಚಹಾ ನುಂಗಿದೆ ಎಂದು ತಿಳಿದರೆ, ಈಗ ಬಾಯಿಗೆ ಬಂದ ರೊಟ್ಟಿ ಇಂದು ರಾತ್ರಿಯೇ ನಿಂತುಹೋಗುತ್ತದೆ. ಎರಡೂ ಕಡೆ ಅವರ ಜೀವವೇ ಇತ್ತು. ಒಂದು ಇವತ್ತಿನದು, ಒಂದು ಮುಂದೆ ಎಂದೋ. ಇವತ್ತಿನದನ್ನು ಹಿಡಿದುಕೊಂಡೆ.

"ಹೌದ್ರೀ ಅತ್ತೀ," ಎಂದೆ.

ಮೊಬೈಲ್ ಬಡಿಯಿತು. ಹಟ್ಟಿಯಿಂದ ಇವರು. ಪಾಳಿ ಮುಗಿಸಿ ಮೇಲೆ ಬಂದಿದ್ದರು. "ಬೆಳಗಿಂದ ಫೋನ್ ಇಲ್ಲ. ಎಲ್ಲಾ ಆರಾಮಿದ್ದೀರಿಲ್ಲ? ಅವ್ವ ಸೂಜಿ ತಗೊಂಡ್ಳಾ?"

ಅತ್ತೆ ನನ್ನ ಮುಖವನ್ನೇ ನೋಡುತ್ತಿದ್ದರು. ಅವರಿಗೆ ತಮ್ಮ ಗುಟ್ಟು ಉಳಿಯಬೇಕಿತ್ತು. ಅದರ ಅಡಿಯಲ್ಲಿ ನನ್ನದೊಂದು ಇದೆ ಎಂದು ಅವರಿಗೆ ಗೊತ್ತಿರಲಿಲ್ಲ.

"ಆರಾಮಿದ್ದೀವ್ರೀ. ಕೂಸು ನೋಡಾಕ ಹೋಗಿದ್ವಿ," ಎಂದು ಫೋನ್ ಇಟ್ಟೆ.

ನಾಳೆಯಿಂದ ಸೂಜಿಯ ಡಬ್ಬಿ ನನ್ನ ಕೈಯಲ್ಲೇ ಇರಬೇಕು. ಮಲಗುವ ಮುನ್ನ ಅವರ ವಸ್ತ್ರದ ಗಂಟನ್ನು ನಾನೇ ಒಮ್ಮೆ ಎಳೆದು ನೋಡಬೇಕು. ಯಾಕೆ ಎಂದು ಕೇಳಿದರೆ ಹೇಳಲು ಏನಾದರೊಂದು ಹುಡುಕಿಕೊಳ್ಳುತ್ತೇನೆ. ಕೆನ್ನೆಯೊಳಗೆ ತಿಕ್ಕಿದ ಸಕ್ಕರೆಯ ಮಾತನ್ನು ಮಾತ್ರ ಇವರಿಗೂ, ಡಾಕ್ಟರಿಗೂ, ಯಾರಿಗೂ ಹೇಳುವುದಿಲ್ಲ ಎಂದು ಸಿಂಧನೂರು ಬರುವ ಮೊದಲೇ ನಿರ್ಧರಿಸಿದೆ. ಅತ್ತೆ ನನ್ನ ಭುಜಕ್ಕೆ ತಲೆ ಇಟ್ಟು ನಿದ್ದೆ ಹೋಗಿದ್ದರು. ಉಸಿರು ಸರಿಯಾಗಿ ಬರುತ್ತಿದೆಯೇ ಎಂದು ನೋಡುತ್ತ ಕೂತೆ.